ಬೊಜ್ಜು ಮತ್ತು ಸ್ತನ ಕ್ಯಾನ್ಸರ್: ತೂಕದ ಯಂತ್ರಕ್ಕೆ ಕಾಣದ ನಂಟು

ಬೊಜ್ಜು ಹೆಚ್ಚಿದರೆ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ ಎಂದು ಆರೋಗ್ಯ ಲೇಖನಗಳು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ. ಈ ನಂಟು ಎಲ್ಲ ವಯಸ್ಸಿಗೂ ಒಂದೇ ತೆರನಾಗಿಲ್ಲ. 2016ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ಬೊಜ್ಜಿನೊಂದಿಗೆ ಸಂಬಂಧವಿರುವುದಕ್ಕೆ ಸಾಕಷ್ಟು ಪುರಾವೆಯಿದೆ ಎಂದು ಗುರುತಿಸಿದ 13 ಬಗೆಯ ಕ್ಯಾನ್ಸರುಗಳಲ್ಲಿ ಇದ್ದದ್ದು ಋತುಬಂಧದ ನಂತರ ಬರುವ ಸ್ತನ ಕ್ಯಾನ್ಸರ್. ಋತುಬಂಧಕ್ಕೆ ಮುಂಚೆಯಾದರೆ, ತೂಕ ಹೆಚ್ಚಿರುವವರಲ್ಲಿ ಈ ರೋಗ ಒಟ್ಟಾರೆಯಾಗಿ ತುಸು ಕಡಿಮೆಯೇ ಕಂಡುಬರುತ್ತದೆ.

ಈ ವ್ಯತ್ಯಾಸವನ್ನು ಅರಿಯಲು, ಹಲವು ಸ್ತನ ಗೆಡ್ಡೆಗಳ ಬೆಳವಣಿಗೆಗೆ ಇಂಬು ಕೊಡುವ ಸ್ತ್ರೀ ಹಾರ್ಮೋನು ಈಸ್ಟ್ರೋಜೆನ್ ಎಲ್ಲಿ ತಯಾರಾಗುತ್ತದೆ ಎಂಬುದನ್ನು ನೋಡಬೇಕು. ಮುಟ್ಟು ನಿಂತ ಮೇಲೆ ಅಂಡಾಶಯಗಳು ಈ ಹಾರ್ಮೋನನ್ನು ತಯಾರಿಸುವುದು ಬಹುತೇಕ ನಿಲ್ಲುತ್ತದೆ. ಆಗ ಕೊಬ್ಬಿನ ಅಂಗಾಂಶವೇ ಅದರ ಮುಖ್ಯ ಮೂಲವಾಗುತ್ತದೆ. ಅಲ್ಲಿರುವ ಅರೋಮಟೇಸ್ ಎಂಬ ಕಿಣ್ವವು ಆಂಡ್ರೋಜೆನ್ ಎಂಬ ಪುರುಷ ಬಗೆಯ ಹಾರ್ಮೋನುಗಳನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತದೆ. ಸ್ತನದ ಬಹುಭಾಗ ಕೊಬ್ಬೇ ಆಗಿರುವುದರಿಂದ, ಈ ತಯಾರಿಕೆ ಹಾಲಿನ ನಾಳಗಳ ಜೀವಕೋಶಗಳಿಗೆ ಅಂಟಿಕೊಂಡಂತೆಯೇ ನಡೆಯುತ್ತದೆ. ಋತುಬಂಧದ ನಂತರ ಬೊಜ್ಜು ಹೆಚ್ಚಿಸುವುದು ಮುಖ್ಯವಾಗಿ ಈಸ್ಟ್ರೋಜೆನ್ ಗ್ರಾಹಕಗಳಿರುವ, ಅಂದರೆ ಆ ಹಾರ್ಮೋನಿನ ಸಂದೇಶ ಹಿಡಿದು ಬೆಳೆಯಬಲ್ಲ ಗೆಡ್ಡೆಗಳನ್ನು ಎಂಬುದು ಈ ವಿವರಣೆಗೆ ಹೊಂದುತ್ತದೆ. ಅಂಥ ಗೆಡ್ಡೆಗಳಿಗೆ ನೀಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ತಡೆಯುವುದೂ ಇದೇ ಕಿಣ್ವವನ್ನು.

ನನ್ನನ್ನು ಹೆಚ್ಚು ಸೆಳೆದದ್ದು ಉರಿಯೂತದ ಕುರಿತ ಸಂಶೋಧನೆ. ಕೊಬ್ಬಿನ ಜೀವಕೋಶಗಳು ಅತಿಯಾಗಿ ಉಬ್ಬಿ ಸಾಯತೊಡಗಿದಾಗ, ರೋಗನಿರೋಧಕ ವ್ಯವಸ್ಥೆಯ ಮ್ಯಾಕ್ರೋಫೇಜ್ ಕಣಗಳು ಅವುಗಳ ಸುತ್ತ ಕಿರೀಟದಂತೆ ನೆರೆಯುತ್ತವೆ. ಅವು ಹೊರಸೂಸುವ ಉರಿಯೂತದ ರಾಸಾಯನಿಕಗಳು ಅಲ್ಲಿಯೇ ಅರೋಮಟೇಸನ್ನು ಹೆಚ್ಚಿಸುತ್ತವೆ. ಜೊತೆಗೆ, ಬೊಜ್ಜಿನಿಂದ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಲೈಂಗಿಕ ಹಾರ್ಮೋನುಗಳನ್ನು ಹಿಡಿದಿಡುವ ಪ್ರೋಟೀನ್ ಇಳಿಯುತ್ತದೆ, ಹೀಗಾಗಿ ಬಿಡುವಾಗಿ ಓಡಾಡುವ ಈಸ್ಟ್ರೋಜೆನ್ ಇನ್ನಷ್ಟು ಹೆಚ್ಚುತ್ತದೆ.

ಆದ್ದರಿಂದಲೇ ತೂಕದ ಅಂಕಿಯೊಂದನ್ನೇ ನೆಚ್ಚುವುದು ಸರಿಯಲ್ಲವೆಂದು ನಾನು ನಂಬುತ್ತೇನೆ. ಅಮೆರಿಕದಲ್ಲಿ ಋತುಬಂಧ ಕಳೆದ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಸಹಜ ಮಿತಿಯಲ್ಲೇ ಇದ್ದ 3,460 ಮಹಿಳೆಯರನ್ನು ಸುಮಾರು 16 ವರ್ಷ ಗಮನಿಸಿದ ಅಧ್ಯಯನದಲ್ಲಿ, ದೇಹದ ಕೊಬ್ಬಿನಂಶ ಅತಿ ಹೆಚ್ಚಿದ್ದವರಿಗೆ ಈಸ್ಟ್ರೋಜೆನ್ ಗ್ರಾಹಕಗಳಿರುವ ಸ್ತನ ಕ್ಯಾನ್ಸರಿನ ಅಪಾಯ ಕೊಬ್ಬಿನಂಶ ಅತಿ ಕಡಿಮೆಯಿದ್ದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ತೆಳ್ಳಗೆ ಕಾಣುವವರಿಗೂ ಈ ಜೈವಿಕ ಬದಲಾವಣೆಗಳು ಅನ್ವಯಿಸುತ್ತವೆ. ಇನ್ನೊಂದೆಡೆ, ರೋಗ ಬಂದವರೆದುರು “ನಿಮ್ಮ ತೂಕದಿಂದಲೇ ಹೀಗಾಯಿತು” ಎನ್ನುವುದು ಕ್ರೂರವಷ್ಟೇ ಅಲ್ಲ, ಆಧಾರವಿಲ್ಲದ್ದೂ ಹೌದು. ಈ ಅಧ್ಯಯನಗಳು ಹೇಳುವುದು ಸಮೂಹದ ಅಪಾಯವನ್ನು, ಒಬ್ಬ ಮಹಿಳೆಯ ಗೆಡ್ಡೆಯ ಕಾರಣವನ್ನಲ್ಲ.

ತೂಕ ಇಳಿಸಿದರೆ ಅಪಾಯವೂ ಇಳಿಯುತ್ತದೆಯೇ? 50 ದಾಟಿದ 1,80,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ, ಋತುಬಂಧಕ್ಕೆಂದು ನೀಡುವ ಹಾರ್ಮೋನು ಚಿಕಿತ್ಸೆ ಪಡೆಯದೆ, ಇಳಿಸಿದ ತೂಕವನ್ನು ಕಾಯ್ದುಕೊಂಡವರಲ್ಲಿ ಅಪಾಯ ಕಡಿಮೆಯಿತ್ತು. 9 ಕಿಲೋ ಅಥವಾ ಹೆಚ್ಚು ಇಳಿಸಿ, ಅದರಲ್ಲಿ ಸ್ವಲ್ಪ ಭಾಗ ಮತ್ತೆ ಗಳಿಸಿದವರಲ್ಲೂ ಅದು ಕಡಿಮೆಯೇ ಇತ್ತು.