ಹ್ಯಾಂಪ್‌ಸ್ಟೆಡ್ ಹೀತ್‌ಗೆ ಹೋಗುವವರಿಗೆ: ಮೇಲಿನಿಂದ ಶುರು ಮಾಡಿ

ಲಂಡನ್‌ಗೆ ಬಂದವರು ಹ್ಯಾಂಪ್‌ಸ್ಟೆಡ್ ಹೀತ್‌ಗೆ ಹೋದರೂ ಬಹುಪಾಲು ಮಂದಿ ಪಾರ್ಲಿಮೆಂಟ್ ಹಿಲ್ ಹತ್ತಿ, ನಗರದ ಫೋಟೊ ಹೊಡೆದುಕೊಂಡು, ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತಾರೆ. ಸುಮಾರು 320 ಹೆಕ್ಟೇರ್ ಇರುವ ಕುರುಚಲು ಕಾಡು, ಹುಲ್ಲುಗಾವಲು, ಕೆರೆಗಳ ನಡುವೆ ಅವರು ನೋಡಿದ್ದು ತೆಂಕಣ ಮೂಲೆಯೊಂದನ್ನು ಮಾತ್ರ. ನಮ್ಮ ಸಲಹೆ ಅದಕ್ಕೆ ಉಲ್ಟಾ. ಎತ್ತರದ ವೈಟ್‌ಸ್ಟೋನ್ ಕೆರೆಯ ಬಳಿ ಶುರು ಮಾಡಿ, ಕೆಳಗಿಳಿಯುತ್ತ ಬನ್ನಿ, ಪಾರ್ಲಿಮೆಂಟ್ ಹಿಲ್ ಕೊನೆಗಿರಲಿ. ಮೇಲೆ ಮರಳು, ಅದರ ಬುಡದಲ್ಲಿ ಒರತೆ, ಅದರ ಕೆಳಗೆ ಕೆರೆ: ಹೀತ್ ಹೇಗಿದೆ, ಯಾಕೆ ಉಳಿಯಿತು ಅನ್ನುವುದು ಹೀಗೆ ಇಳಿಯುವಾಗಲೇ ತಲೆಗೆ ಹೋಗುತ್ತದೆ. ನಡಿಗೆ 6 ಕಿ.ಮೀ. ಆಸುಪಾಸು. ದಾರಿಯಲ್ಲಿ ಸಿಗುವ ಕೆನ್‌ವುಡ್ ಎಂಬ ಹಳೇ ಬಂಗಲೆಯೊಳಗಿನ ಹೊತ್ತೂ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಮೊದಲ ಎಡವಟ್ಟು ಆಗುವುದು ನಿಲ್ದಾಣಗಳ ಹೆಸರಲ್ಲಿ. ಹ್ಯಾಂಪ್‌ಸ್ಟೆಡ್, ಹ್ಯಾಂಪ್‌ಸ್ಟೆಡ್ ಹೀತ್, ವೆಸ್ಟ್ ಹ್ಯಾಂಪ್‌ಸ್ಟೆಡ್, ಸೌತ್ ಹ್ಯಾಂಪ್‌ಸ್ಟೆಡ್ ಎಂದು ನಾಲ್ಕಿವೆ, ನಾಲ್ಕೂ ಬೇರೆ ಬೇರೆ ಕಡೆ. ನಿಮಗೆ ಬೇಕಾದದ್ದು ಟ್ಯೂಬ್‌ನ (ಲಂಡನ್ ಮೆಟ್ರೊ) ನಾರ್ದರ್ನ್ ಲೈನ್‌ನಲ್ಲಿರುವ ಬರೀ ‘ಹ್ಯಾಂಪ್‌ಸ್ಟೆಡ್’. ಆ ಲೈನ್ ಕ್ಯಾಮ್ಡೆನ್ ಟೌನ್‌ನಲ್ಲಿ ಎರಡಾಗಿ ಕವಲೊಡೆಯುತ್ತದೆ, ಎಡ್ಜ್‌ವೇರ್ ಅಂತ ಬರೆದ ರೈಲನ್ನೇ ಹತ್ತಬೇಕು. ಗೊತ್ತಾಗದೆ ಹೈ ಬಾರ್ನೆಟ್ ರೈಲಿನಲ್ಲಿ ಮುಂದೆ ಹೋಗಿಬಿಟ್ಟರೆ ಗಾಬರಿ ಬೇಡ. ಆರ್ಚ್‌ವೇಯಲ್ಲಿ ಇಳಿದು 210ನೇ ನಂಬರ್ ಬಸ್ ಹಿಡಿದರೆ ನೇರ ಕೆನ್‌ವುಡ್ ಬಾಗಿಲಿಗೇ ಬಿಡುತ್ತದೆ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಆಯ್‌ಸ್ಟರ್ ಇಲ್ಲವೇ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಬೇಕು. ವೆಂಬ್ಲಿ ಕಡೆ ನೆಂಟರ ಮನೆಯಲ್ಲಿ ಇಳಿದುಕೊಂಡವರು ವೆಂಬ್ಲಿ ಪಾರ್ಕ್‌ನಿಂದ ಜೂಬಿಲಿ ಲೈನ್‌ನಲ್ಲಿ ವೆಸ್ಟ್ ಹ್ಯಾಂಪ್‌ಸ್ಟೆಡ್‌ಗೆ ಬಂದು, ಅಲ್ಲಿ ಓವರ್‌ಗ್ರೌಂಡ್ ಎಂಬ ನಗರ ರೈಲಿನ ಮಿಲ್ಡ್‌ಮೇ ಲೈನ್ ಹಿಡಿದರೆ ಎರಡನೇ ಸ್ಟಾಪ್ ಹ್ಯಾಂಪ್‌ಸ್ಟೆಡ್ ಹೀತ್. ಆದರೆ ಅದು ಇಳಿಜಾರಿನ ಬುಡ, ಅಲ್ಲಿಂದ ವೈಟ್‌ಸ್ಟೋನ್‌ಗೆ ಏರು ಹತ್ತಬೇಕಾಗುತ್ತದೆ.

ಹ್ಯಾಂಪ್‌ಸ್ಟೆಡ್ ಟ್ಯೂಬ್ ನಿಲ್ದಾಣ ನೆಲದಿಂದ 58 ಮೀಟರ್‌ಗೂ ಕೆಳಗಿದೆ, ಇಡೀ ಜಾಲದಲ್ಲೇ ಹೆಚ್ಚು ಆಳದ್ದು. ಲಿಫ್ಟಿಗೆ ಕ್ಯೂ ಇದೆ ಅಂತ ಮೆಟ್ಟಿಲ ಕಡೆ ತಿರುಗಬೇಡಿ. ಅವು 320, ಸುರುಳಿ ಸುತ್ತಿಕೊಂಡು ಏರುತ್ತವೆ. ನಡಿಗೆಗೆ ಬೇಕಾದ ಕಾಲಿನ ಕಸುವೆಲ್ಲ ಅಲ್ಲೇ ಖರ್ಚಾಗುತ್ತದೆ.

ಮೇಲೆ ಬಂದ ಮೇಲೆ ಹೀತ್ ಸ್ಟ್ರೀಟ್‌ನಲ್ಲಿ ಏರುಮುಖವಾಗಿ ನಡೆದರೆ ಹತ್ತು ನಿಮಿಷದಲ್ಲಿ ವೈಟ್‌ಸ್ಟೋನ್ ಕೆರೆ. ಹೆಸರಿಗೆ ಕೆರೆ, ರಸ್ತೆ ಮಧ್ಯದ ಹೊಂಡ ಅಷ್ಟೆ. ಆದರೆ ಲಂಡನ್ನಿನ ಅತಿ ಎತ್ತರದ ಜಾಗಗಳಲ್ಲಿ ಇದೂ ಒಂದು. ಇಲ್ಲಿಂದ ಸ್ಪ್ಯಾನಿಯರ್ಡ್ಸ್ ರೋಡಿನಲ್ಲಿ ಇನ್ನೂರು ಮುನ್ನೂರು ಮೀಟರ್ ಹೋಗಿ ಎರಡೂ ಬದಿಗೆ ಬಗ್ಗಿ ನೋಡಿ. ರಸ್ತೆ ಕೆರೆ ಏರಿಯ ಮೇಲಿದ್ದ ಹಾಗಿದೆ, ಎರಡೂ ಕಡೆ ನೆಲ ಕುಸಿದಂತೆ ಕೆಳಗಿದೆ. ಕುಸಿದದ್ದಲ್ಲ, ಅಗೆದದ್ದು. ಕಟ್ಟಡಕ್ಕೆ, ರೈಲು ದಾರಿಗೆ ಇಲ್ಲಿನ ಮರಳನ್ನು ಗಾಡಿಗಟ್ಟಲೆ ಮಾರಿದರು. 1939ರಲ್ಲಿ ಯುದ್ಧ ಬಂದಾಗ ಬಾಂಬಿನಿಂದ ಕಾಪಾಡುವ ಮರಳುಚೀಲಗಳಿಗಾಗಿ ಮತ್ತೆ ಅಗೆದರು. ಬಲಬದಿಯ ಹೊಂಡಗಳ ಮೇಲೆ ಈಗ ಬರ್ಚ್, ಓಕ್ ಬೆಳೆದು ಎಂದಿನಿಂದಲೂ ಕಾಡೇ ಇತ್ತೇನೋ ಅನ್ನಿಸುತ್ತದೆ. ಎಡಕ್ಕಿರುವುದು ಸ್ಯಾಂಡಿ ಹೀತ್, ಹೊಂಡಗಳು ಅಲ್ಲೇ ಹೆಚ್ಚು ಕಣ್ಣಿಗೆ ಹೊಡೆಯುತ್ತವೆ.

ಈ ಅಗೆತದ ಹಿಂದಿನ ಮನುಷ್ಯನ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋದರೆ ಮುಂದಿನ ದಾರಿ ರುಚಿಸುತ್ತದೆ. ಸರ್ ಥಾಮಸ್ ಮ್ಯಾರಿಯನ್ ವಿಲ್ಸನ್ 1821ರಲ್ಲಿ ಇಲ್ಲಿನ ಜಮೀನ್ದಾರನಾದ. ಹೀತ್ ಅವನದ್ದೇ, ಆದರೆ ಪೂರ್ತಿ ಅವನದ್ದಲ್ಲ. ನಮ್ಮ ಊರುಗಳ ಗೋಮಾಳದ ಹಾಗೆ, ದನ ಮೇಯಿಸುವ ಹಕ್ಕು ಊರಿನ ಕೆಲವರಿಗೆ ತಲೆತಲಾಂತರದಿಂದ ಇತ್ತು. ಅಪ್ಪನ ಉಯಿಲಿನ ಪ್ರಕಾರ ದೀರ್ಘಾವಧಿ ಗುತ್ತಿಗೆಗೆ ಕೊಡುವ ಅಧಿಕಾರ ಅವನಿಗಿರಲಿಲ್ಲ, ಹಾಗಾಗಿ ಮನೆ ಕಟ್ಟಿಸಲು ಪಾರ್ಲಿಮೆಂಟಿನ ಮಸೂದೆಯೇ ಬೇಕಾಯಿತು. 1829ರಿಂದ ಮಸೂದೆ ಮೇಲೆ ಮಸೂದೆ ತಂದ, ಹ್ಯಾಂಪ್‌ಸ್ಟೆಡ್ ನಿವಾಸಿಗಳು ಮತ್ತು ಅವರ ಸ್ನೇಹಿತ ಸಂಸದರು ಒಂದೊಂದನ್ನೂ ಬೀಳಿಸಿದರು. 1866ರಲ್ಲಿ ಜಾನ್ ಗರ್ನಿ ಹೋರ್ ಎಂಬ ಬ್ಯಾಂಕರ್ ಕೋರ್ಟಿಗೂ ಎಳೆದ. ವಿಲ್ಸನ್ 1869ರಲ್ಲಿ ತೀರಿಕೊಂಡ. ತಮ್ಮ ಜಾನ್‌ಗೆ ಈ ಜಗ್ಗಾಟ ಬೇಡವಾಗಿ 45,000 ಪೌಂಡ್‌ಗೆ ಹಕ್ಕು ಮಾರಿದ. 1871ರ ಹ್ಯಾಂಪ್‌ಸ್ಟೆಡ್ ಹೀತ್ ಕಾಯ್ದೆ ಬಂದದ್ದು ಹೀಗೆ. ಬೇಲಿ ಹಾಕಬಾರದು, ಕಟ್ಟಬಾರದು, ಸಹಜ ಸ್ವರೂಪ ಕೆಡಿಸಬಾರದು ಅನ್ನುತ್ತದೆ ಅದು. ಹೂವಿನ ಮಡಿ, ಕಾಂಕ್ರೀಟು ದಾರಿ ಹಾಕಿ ಇದನ್ನು ಪಾರ್ಕ್ ಮಾಡದೆ ಬಿಟ್ಟಿರುವುದರ ಹಿಂದೆ ಈ ಸಾಲುಗಳಿವೆ. ಹಾಗೆ ಉಳಿದದ್ದು ಆಗ 220 ಎಕರೆ ಮಾತ್ರ. ಮಿಕ್ಕದ್ದು ಚಂದಾ ಎತ್ತಿ, ಕಾಡಿ ಬೇಡಿ ಸೇರಿಸಿದ್ದು: 1889ರಲ್ಲಿ ಪಾರ್ಲಿಮೆಂಟ್ ಹಿಲ್, 1907ರಲ್ಲಿ ಸಮಾಜ ಸುಧಾರಕಿ ಹೆನ್ರಿಯೆಟ್ಟಾ ಬಾರ್ನೆಟ್ ಹೋರಾಡಿ ಪಡೆದ 80 ಎಕರೆ ಎಕ್ಸ್‌ಟೆನ್ಷನ್, 1920ರ ದಶಕದಲ್ಲಿ ಕೆನ್‌ವುಡ್. 1989ರಿಂದ ಹೀತ್‌ನ ಬಹುಪಾಲಿನ ನಿರ್ವಹಣೆ ಸಿಟಿ ಆಫ್ ಲಂಡನ್ ಕಾರ್ಪೊರೇಷನ್‌ನದ್ದು.

ವೈಟ್‌ಸ್ಟೋನ್ ಕೆರೆಗೆ ಹಿಂದಿರುಗಿ ಬಂದು ಈಸ್ಟ್ ಹೀತ್ ರೋಡಿನಲ್ಲಿ ಇಳಿದರೆ ಎಡಕ್ಕೆ ವೇಲ್ ಆಫ್ ಹೆಲ್ತ್ ಎಂಬ ಪುಟ್ಟ ಬಡಾವಣೆಯ ದಾರಿ. ಹೀತ್‌ನ ಹೊಟ್ಟೆಯೊಳಗೇ ಇರುವ ಬೆರಳೆಣಿಕೆಯ ಬೀದಿಗಳು. 1777ರಲ್ಲಿ ನೀರು ಬಸಿದು ತೆಗೆಯುವ ತನಕ ಇದು ಜೌಗು ನೆಲ. ‘ವಿಲ್ಲಾಸ್ ಆನ್ ದ ಹೀತ್’ ಸಾಲಿನ 3ನೇ ಮನೆಯ ಮೇಲೆ ನೀಲಿ ಫಲಕವಿದೆ. 1912ರಲ್ಲಿ ರವೀಂದ್ರನಾಥ ಟ್ಯಾಗೋರರು ತಂಗಿದ್ದ ಮನೆ ಇದು. ಆ ವರ್ಷವೇ ಇಂಗ್ಲಿಷ್ ಗೀತಾಂಜಲಿ ಲಂಡನ್ನಿನಲ್ಲಿ ಅಚ್ಚಾಯಿತು, ಮರುವರ್ಷ ನೊಬೆಲ್ ಬಂತು. ಭಾರತದಿಂದ ಬಂದವರು ಇಲ್ಲಿ ಗುಂಪಾಗಿ ನಿಂತು ಜೋರಾಗಿ ಮಾತಾಡುವುದುಂಟು. ಮನೆಯೊಳಗೆ ಜನ ವಾಸವಿದ್ದಾರೆ, ಫೋಟೊ ತೆಗೆದುಕೊಂಡು ಮುಂದೆ ನಡೆಯಿರಿ, ಬೆಲ್ ಒತ್ತಬೇಡಿ.

ಬಡಾವಣೆ ದಾಟಿ ಪೂರ್ವಕ್ಕೆ ಕಾಲುದಾರಿ ಹಿಡಿದರೆ ಮರಗಳ ನಡುವೆ ದೊಡ್ಡದೊಂದು ಇಟ್ಟಿಗೆ ಸೇತುವೆ ಎದುರಾಗುತ್ತದೆ. ಕಾಲುನಡಿಗೆಯವರಿಗೆ ಇಷ್ಟು ಭರ್ಜರಿ ಸೇತುವೆ ಯಾಕೆ? 1840ರ ದಶಕದಲ್ಲಿ ವಿಲ್ಸನ್ ತಾನು ಕಟ್ಟಲಿದ್ದ 28 ಬಂಗಲೆಗಳಿಗೆ ಗಾಡಿರಸ್ತೆ ಒಯ್ಯಲು ಕಟ್ಟಿಸಿದ ವಯಡಕ್ಟ್ ಇದು. ಒರತೆ ನೀರಿನ ಜೌಗಿನಲ್ಲಿ ಅಡಿಪಾಯ ನಿಲ್ಲದೆ ಕೆಲಸ ಎಳೆದಾಡಿತು, ಬಂಗಲೆಗಳು ಏಳಲೇ ಇಲ್ಲ. ಇಡೀ ಹೀತ್‌ನಲ್ಲಿ ಒಂದೇ ಜಾಗದಲ್ಲಿ ನಿಂತು ಇತಿಹಾಸ ನೋಡಬೇಕಿದ್ದರೆ ನಮ್ಮ ಆಯ್ಕೆ ಪಾರ್ಲಿಮೆಂಟ್ ಹಿಲ್‌ಗಿಂತ ಇದೇ. ಕೆಳಗಿನ ಕೆರೆದಂಡೆಗೂ ಇಳಿದು ನೋಡಿ, ಕಮಾನುಗಳು ಕಾಣುವುದು ಅಲ್ಲಿಂದ.

ಇಲ್ಲಿ ಹವಾಮಾನದ ಮಾತು. ಎತ್ತರದಲ್ಲಿ ಮರಳು ಇರುವುದರಿಂದ ಮಳೆ ನಿಂತ ಸ್ವಲ್ಪ ಹೊತ್ತಿಗೆ ನೆಲ ಆರುತ್ತದೆ. ಕೆಳಗೆ ಇಳಿದಂತೆ ಲಂಡನ್ನಿನ ಜೇಡಿಮಣ್ಣು. ಮರಳಿನಲ್ಲಿ ಇಂಗಿದ ನೀರು ಜೇಡಿ ಸಿಕ್ಕಿದಲ್ಲಿ ಪಕ್ಕಕ್ಕೆ ಒಸರುತ್ತದೆ, ಆ ಪಟ್ಟಿಯುದ್ದಕ್ಕೂ ಕೆಸರು. ನವೆಂಬರಿನಿಂದ ಮಾರ್ಚ್ ತನಕ ಬಿಳಿ ಸ್ನೀಕರ್ಸ್ ಹಾಕಿ ಹೋದರೆ ಅದು ಮತ್ತೆ ಬಿಳಿ ಆಗುವುದಿಲ್ಲ. ಪಾದದ ಗಂಟು ಮುಚ್ಚುವ, ತಳದಲ್ಲಿ ಹಲ್ಲಿರುವ ಬೂಟೇ ಸರಿ. ಚಪ್ಪಲಿ, ಸೀರೆ ಬೇಸಿಗೆಯಲ್ಲಿ ಮಾತ್ರ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ, ಕಾಡಿನ ದಾರಿಗಳಲ್ಲಿ ದೀಪವಿಲ್ಲ. ಹನ್ನೊಂದಕ್ಕೆ ಮೊದಲೇ ಹೊರಡಿ. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಆತುರವಿಲ್ಲ. ಆದರೆ ಮೇಯಿಂದ ಜುಲೈವರೆಗೆ ಓಕ್ ಮರದ ಕಾಂಡಕ್ಕೆ ಬಿಳಿ ಬಲೆಯಂಥ ಗೂಡು ಅಂಟಿಕೊಂಡಿದ್ದರೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಓಕ್ ಪ್ರೊಸೆಷನರಿ ಪತಂಗದ ಕಂಬಳಿಹುಳುಗಳು ಅವು. ಮುಟ್ಟಬೇಕೆಂದೂ ಇಲ್ಲ, ಗಾಳಿಗೆ ಉದುರಿದ ರೋಮ ತಾಗಿದರೂ ಮೈ ತುರಿಸುತ್ತದೆ, ಗಂಟಲು ಕೆರೆಯುತ್ತದೆ.

ಹೀದರ್ ಗಿಡದ ನೇರಳೆ ಹೂವು ನೋಡಲೆಂದೇ ಬರುವವರಿಗೆ ನಿರಾಸೆ ಆದೀತು. ದನಕುರಿ ಮೇಯುವುದು ನಿಂತ ಮೇಲೆ ಬರ್ಚ್, ಓಕ್ ಸಸಿಗಳು ನುಗ್ಗಿ ಹೀದರ್ ಬಹುಪಾಲು ಅಳಿದುಹೋಯಿತು. ಈಗ ಇರುವುದು ಮರ ಕಡಿದು, ಮೇಲ್ಮಣ್ಣು ಕೆರೆದು ಮತ್ತೆ ಬೆಳೆಸಿದ ತುಂಡುಗಳು, ಆಗಸ್ಟ್–ಸೆಪ್ಟೆಂಬರಿನಲ್ಲಿ ಅರಳುತ್ತವೆ. 2019ರಲ್ಲಿ ಪ್ರಯೋಗಕ್ಕೆಂದು ಐದು ಕುರಿಗಳನ್ನೂ ಬಿಟ್ಟು ನೋಡಿದ್ದರು. ಮನುಷ್ಯ ಕೈಬಿಟ್ಟರೆ ಈ ‘ಕಾಡು ಬಯಲು’ ಬಯಲಾಗಿ ಉಳಿಯುವುದಿಲ್ಲ, ಮರದ ಕಾಡಾಗುತ್ತದೆ.

ವಯಡಕ್ಟ್‌ನಿಂದ ಈಶಾನ್ಯಕ್ಕೆ ಹಳೇ ಓಕ್ ಕಾಡು ಹಾದು ಕೆನ್‌ವುಡ್. ದಾರಿ ತಪ್ಪುವುದು ಇಲ್ಲೇ. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ತಪ್ಪಿದರೆ ಇಳಿಜಾರು ಹಿಡಿದು ನಡೆಯಿರಿ, ಯಾವುದಾದರೂ ಕೆರೆ ಸಿಕ್ಕೇ ಸಿಗುತ್ತದೆ. ಕೆನ್‌ವುಡ್ ಮನೆಗೆ ಪ್ರವೇಶ ಉಚಿತ, ಸಂಜೆ ಬೇಗ ಮುಚ್ಚುತ್ತಾರೆ, ಹೊರಡುವ ದಿನ ವೇಳೆ ನೋಡಿಕೊಳ್ಳಿ. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್‌ಗಾಗಿ ರಾಬರ್ಟ್ ಆಡಮ್ ಹೊಸರೂಪ ಕೊಟ್ಟ ಮನೆ. ಇಂಗ್ಲೆಂಡಿನಲ್ಲಿರುವ ಗುಲಾಮನನ್ನು ಬಲವಂತವಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ ಎಂಬ 1772ರ ತೀರ್ಪು ಕೊಟ್ಟವನು ಇವನೇ. ಗುಲಾಮ ತಾಯಿಗೆ ಹುಟ್ಟಿದ ಡೈಡೊ ಬೆಲ್ ಇವನ ಸಂಬಂಧಿಯಾಗಿ ಇದೇ ಮನೆಯಲ್ಲಿ ಬೆಳೆದಳು. ಗಿನ್ನೆಸ್ ಮನೆತನದ ಲಾರ್ಡ್ ಐವಾ ಚಿತ್ರಗಳ ಸಮೇತ ಇದನ್ನು ಸಾರ್ವಜನಿಕರಿಗೆ ಬಿಟ್ಟುಹೋದ, 1928ರಲ್ಲಿ ಬಾಗಿಲು ತೆರೆಯಿತು. ಹೊತ್ತಿಲ್ಲದಿದ್ದರೆ ಎರಡೇ ಚಿತ್ರ ನೋಡಿ: ಹಿಂದೆ ಎರಡು ವೃತ್ತಗಳಿರುವ ರೆಂಬ್ರಾಂಟ್‌ನ ಸ್ವಚಿತ್ರ, ವರ್ಮೀರ್‌ನ ಗಿಟಾರ್ ನುಡಿಸುವ ಹುಡುಗಿ. ಮನೆ ಎದುರಿನ ಹುಲ್ಲು ಇಳಿದರೆ ಕೆರೆಯ ಆಚೆ ತುದಿಗೆ ಬಿಳಿ ಸೇತುವೆ ಕಾಣುತ್ತದೆ. ಹತ್ತಿರ ಹೋಗಿ ಪಕ್ಕದಿಂದ ನೋಡಿ, ಅದು ಬರೀ ಮರದ ಮುಖವಾಡ, ಅದರ ಮೇಲೆ ದಾಟಲಾಗುವುದಿಲ್ಲ. ಶೌಚಾಲಯ, ಚಹಾ ಎರಡೂ ಇಲ್ಲಿಯೇ ಮುಗಿಸಿಕೊಳ್ಳಿ. ಸಸ್ಯಾಹಾರಿಗಳು ಚಿತ್ರಾನ್ನವೋ ಚಪಾತಿ ಪಲ್ಯವೋ ಕಟ್ಟಿಕೊಂಡು ಹೋದರೆ ಸುಖ, ಹುಲ್ಲಿನ ಮೇಲೆ ಕೂತು ತಿನ್ನಲು ಅಡ್ಡಿಯಿಲ್ಲ. ಒಲೆ, ಬಾರ್ಬೆಕ್ಯೂ, ಡ್ರೋನ್ ಮಾತ್ರ ಕೂಡದು. ನಾಯಿಗಳನ್ನು ಹಗ್ಗವಿಲ್ಲದೆ ಬಿಟ್ಟಿರುತ್ತಾರೆ, ಬುತ್ತಿ ಬಿಚ್ಚಿದಾಗ ಮೂಗು ತೂರಿಸುತ್ತವೆ.

ಇಲ್ಲಿಂದ ಮಿಲ್‌ಫೀಲ್ಡ್ ಲೇನ್ ಪಕ್ಕ ಕೆರೆಗಳ ಸಾಲು. ಹೈಗೇಟ್ ಕೆರೆಗಳು ಎನ್ನುವ ಇವು ಸಹಜ ಸರೋವರಗಳಲ್ಲ. ಫ್ಲೀಟ್ ನದಿಯ ಒರತೆಗಳಿಗೆ ಏರಿ ಕಟ್ಟಿ ಊರಿಗೆ ನೀರು ಮಾರಲು 17–18ನೇ ಶತಮಾನಗಳಲ್ಲಿ ಮಾಡಿದ್ದು. ಒಂದರ ಕೋಡಿ ಇನ್ನೊಂದಕ್ಕೆ, ಥೇಟ್ ನಮ್ಮ ಕೆರೆ ಸರಣಿ. 1975ರ ಆಗಸ್ಟ್ 14ರಂದು ಹ್ಯಾಂಪ್‌ಸ್ಟೆಡ್‌ನಲ್ಲಿ ಎರಡೂವರೆ ಗಂಟೆಯಲ್ಲಿ 170 ಮಿ.ಮೀ. ಮಳೆ ಸುರಿದಿತ್ತು. ಅಂಥ ಮಳೆಗೆ ಏರಿ ಒಡೆದರೆ ಕೆಳಗಿನ ಬಡಾವಣೆಗಳ ಗತಿಯೇನೆಂಬ ಲೆಕ್ಕ ಹಾಕಿ, ಸ್ಥಳೀಯರ ವಿರೋಧದ ನಡುವೆಯೇ 2015–16ರಲ್ಲಿ ಏರಿಗಳನ್ನು ಬಲಪಡಿಸಿದರು.

ಈಜುವ ಆಸೆಯಿದ್ದರೆ ಗಂಡಸರಿಗೊಂದು, ಹೆಂಗಸರಿಗೊಂದು ಈ ಸಾಲಿನಲ್ಲಿದೆ. ಹೆಂಗಸರದ್ದು 1920ರ ದಶಕದಿಂದ ಇದೆ. ಗಂಡುಹೆಣ್ಣು ಇಬ್ಬರೂ ಇಳಿಯುವ ಕೆರೆ ಹ್ಯಾಂಪ್‌ಸ್ಟೆಡ್ ಕಡೆ ಇದೆ. ಶುಲ್ಕವುಂಟು. 8 ವರ್ಷದೊಳಗಿನವರನ್ನು ಬಿಡುವುದಿಲ್ಲ. ಕಾಲೂರುವ ಆಳವಿಲ್ಲದ ಜಾಗ ಇಲ್ಲ, ತಳ ಕಾಣುವುದಿಲ್ಲ, ಈಜು ಪಕ್ಕಾ ಬಾರದವರು ದಡದಲ್ಲೇ ಇರಿ. ಬೇಸಿಗೆಯಲ್ಲೂ ನೀರು ತಣ್ಣಗೆ. ಹಾರಿದರೆ ಚಳಿಗೆ ತಟ್ಟನೆ ಉಸಿರೆಳೆದು ನೀರು ಕುಡಿಯುವ ಅಪಾಯವಿದೆ, ಏಣಿ ಹಿಡಿದು ನಿಧಾನ ಇಳಿಯಿರಿ. ಬಿಸಿಲು ಹೆಚ್ಚಾದಾಗ ನೀಲಿ-ಹಸಿರು ಪಾಚಿ ಬಂದು ಮುಚ್ಚುವುದೂ ಉಂಟು. ಬೇರೆ ಕೆರೆಗಳಿಗೆ ಇಳಿಯುವಂತಿಲ್ಲ.

ಕೊನೆಯದು ಪಾರ್ಲಿಮೆಂಟ್ ಹಿಲ್, 98 ಮೀಟರ್. ತುದಿಯ ಫಲಕದಲ್ಲಿ ಎದುರಿನ ಕಟ್ಟಡಗಳ ಹೆಸರಿವೆ. ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಗುಮ್ಮಟ ಇಲ್ಲಿಂದ ಕಾಣುವ ನೋಟಕ್ಕೆ ಅಡ್ಡ ಬರುವಂತೆ ಕಟ್ಟಬಾರದೆಂಬ ಯೋಜನಾ ನಿಯಮವಿದೆ. ನೋಟ ದಕ್ಷಿಣಕ್ಕಿರುವುದರಿಂದ ಚಳಿಗಾಲದ ಮಧ್ಯಾಹ್ನ ಸೂರ್ಯ ಮುಖಕ್ಕೇ ಹೊಡೆದು ಫೋಟೊದಲ್ಲಿ ಎಲ್ಲ ಕಪ್ಪು ನೆರಳಾಗುತ್ತದೆ. ಇಳಿಹೊತ್ತು ಒಳ್ಳೆಯದು, ಬಿಸಿಲು ಬಲಗಡೆಯಿಂದ ಬಿದ್ದು ಗಾಜಿನ ಕಟ್ಟಡಗಳು ಹೊಳೆಯುತ್ತವೆ. ಬೆಂಚುಗಳ ಬೆನ್ನ ಮೇಲಿನ ಚಿಕ್ಕ ಫಲಕಗಳನ್ನು ಓದಿ. ತೀರಿಕೊಂಡವರ ಹೆಸರು, ‘ಈ ಜಾಗವನ್ನು ಪ್ರೀತಿಸಿದವರು’ ಅನ್ನುವಂಥ ಸಾಲು. ಅಂಗಳವಿಲ್ಲದ ಫ್ಲ್ಯಾಟಿನಲ್ಲಿ ಬದುಕು ಕಳೆದ ಲಂಡನ್ನಿಗರಿಗೆ ಈ ಬಯಲು ಏನಾಗಿತ್ತು ಅನ್ನುವುದಕ್ಕೆ ಇತಿಹಾಸದ ಪುಸ್ತಕಕ್ಕಿಂತ ಒಳ್ಳೆಯ ದಾಖಲೆ ಅದು.

ಇಳಿದರೆ ಗಾಸ್ಪೆಲ್ ಓಕ್ ನಿಲ್ದಾಣ ಹದಿನೈದು ನಿಮಿಷ. ವೆಸ್ಟ್ ಹ್ಯಾಂಪ್‌ಸ್ಟೆಡ್ ಕಡೆ ಹೋಗುವವರಿಗೆ ಮಿಲ್ಡ್‌ಮೇ ಲೈನ್. ನಗರದ ನಡುವಿಗೆ ಹೋಗುವವರು ಸೌತ್ ಎಂಡ್ ಗ್ರೀನ್‌ಗೆ ನಡೆದು 24ನೇ ನಂಬರ್ ಬಸ್ಸಿನ ಮೇಲಂತಸ್ತಿನಲ್ಲಿ ಕೂತರೆ ಕ್ಯಾಮ್ಡೆನ್, ಟ್ರಫಾಲ್ಗರ್ ಸ್ಕ್ವೇರ್ ಮೂಲಕ ಒಯ್ಯುತ್ತದೆ. ಹೊರಡುವ ಜಾಗ ಅದೇ ಆದ್ದರಿಂದ ಮುಂದಿನ ಸೀಟು ಸಿಗುವ ಸಾಧ್ಯತೆ ಹೆಚ್ಚು.