ಊರಿನ ಹೆಸರು ಹೇಳಿ

ಭಾಗಮಂಡಲದ ತ್ರಿವೇಣಿ ಸಂಗಮ ಮಳೆಗಾಲದಲ್ಲಿ ಮುಳುಗುವುದು ಕೊಡಗಿನವರಿಗೆ ಹೊಸದಲ್ಲ. ಜುಲೈಯಲ್ಲಿ ಮಳೆ ಬಿರುಸಾಯಿತೆಂದರೆ ಕಾವೇರಿ, ಕನ್ನಿಕೆ ಎರಡೂ ಉಕ್ಕುತ್ತವೆ, ಸ್ನಾನಘಟ್ಟ ಕಾಣದಾಗುತ್ತದೆ, ನಾಪೋಕ್ಲು ಕಡೆಯ ರಸ್ತೆಯ ಮೇಲೆ ನೀರು ನಿಲ್ಲುತ್ತದೆ. ಅದಕ್ಕೆಂದೇ ಅಲ್ಲಿ ಮೇಲ್ಸೇತುವೆ ಕಟ್ಟಿದ್ದಾರೆ. ಅದೇ ನೀರನ್ನು ಟಿ.ವಿ.ಯಲ್ಲಿ ತೋರಿಸುವಾಗ ಮಾತ್ರ ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ 'ಕೊಡಗಿನಲ್ಲಿ ಜಲಪ್ರಳಯ' ಎಂದು ಓಡುತ್ತಿರುತ್ತದೆ. ಭಾಗಮಂಡಲದ ಹೆಸರು ಎಲ್ಲೋ ಒಮ್ಮೆ ಬಂದು ಹೋಗುತ್ತದೆ. ಆ ಹೊತ್ತಿಗೆ ಕುಶಾಲನಗರದಲ್ಲಿ ಬರೀ ತುಂತುರು ಬೀಳುತ್ತಿರಬಹುದು. ಒಂದೇ ಜಿಲ್ಲೆ, ಐದು ತಾಲ್ಲೂಕು. ಒಂದರ ಮಳೆಗೂ ಇನ್ನೊಂದರ ಮಳೆಗೂ ಸಂಬಂಧವೇ ಇರುವುದಿಲ್ಲ.

ಇಲ್ಲಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚಿನಲ್ಲಿ ಅಳೆಯುತ್ತಾರೆ. ಸುಂಟಿಕೊಪ್ಪದ ಹತ್ತಿರದ ನಮ್ಮ ಮನೆಯ ಅಂಗಳದಲ್ಲೂ ಮಳೆಮಾಪಕ ಇದೆ. ಬೆಳಿಗ್ಗೆ ಎದ್ದ ಕೂಡಲೇ ಅಜ್ಜ ಅದನ್ನು ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು, ಈಗ ಅಪ್ಪ ಬರೆಯುತ್ತಾರೆ. ಮಡಿಕೇರಿ ಆಕಾಶವಾಣಿಯಲ್ಲಿ, 'ಶಕ್ತಿ' ಪತ್ರಿಕೆಯಲ್ಲಿ ಮಳೆಯ ಸುದ್ದಿ ಬರುವಾಗ ಸಂಪಾಜೆ, ಶಾಂತಳ್ಳಿ, ಶ್ರೀಮಂಗಲ ಎಂದು ಹೆಸರು ಹಿಡಿದೇ ಬರುತ್ತದೆ. ಹೀಗೆ ಊರಿನ ಹೆಸರಿನೊಂದಿಗೆ ಮಳೆಯ ಸುದ್ದಿ ಕೇಳುತ್ತ ಬೆಳೆದ ನನಗೆ, ಬರೀ 'ಕೊಡಗು' ಎಂದು ಕೂಗುವ ಸುದ್ದಿ ಕೇಳಿದಾಗಲೆಲ್ಲ ಮನಸ್ಸು ಕುದಿಯುತ್ತದೆ. ಯಾಕೆ ಎಂದು ಹೇಳಬೇಕಾದರೆ 2018ಕ್ಕೆ ಹೋಗಬೇಕು.

ಆಗ ನನಗೆ ಹನ್ನೆರಡು ವರ್ಷ. ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಕಡೆಗಳಲ್ಲಿ ಗುಡ್ಡಗಳು ಜಾರಿದವು. ಸುಂಟಿಕೊಪ್ಪದಲ್ಲೂ ಪರಿಹಾರ ಕೇಂದ್ರ ತೆರೆದರು. ಅಮ್ಮ ಮತ್ತು ಅಕ್ಕಪಕ್ಕದ ಮನೆಯವರು ಅಲ್ಲಿಗೆ ಅನ್ನ, ಹೊದಿಕೆ ಕೊಂಡೊಯ್ಯುತ್ತಿದ್ದರು. ಶಾಲೆ ಮತ್ತೆ ಶುರುವಾದಾಗ ನಮ್ಮ ತರಗತಿಗೆ ಹಟ್ಟಿಹೊಳೆ ಕಡೆಯ ಹುಡುಗಿಯೊಬ್ಬಳು ಬಂದು ಸೇರಿದಳು. ಅವರದು ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ ಇದ್ದ ಚಿಕ್ಕ ತೋಟ. ಮನೆಯೂ ತೋಟವೂ ಮಣ್ಣಿನಡಿ ಹೋಗಿದ್ದವು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದೆವು, ಈಗಲೂ ಅವಳೇ ನನ್ನ ಆಪ್ತ ಗೆಳತಿ. ಅವರಿಗೆ ಮುಂದೆ ಜಂಬೂರಿನ ಬಡಾವಣೆಯಲ್ಲಿ ಸರ್ಕಾರದ ಮನೆ ಸಿಕ್ಕಿತು.

ಆ ದಿನಗಳ ಟಿ.ವಿ. ಸುದ್ದಿಯ ಬಗ್ಗೆ ಅವಳು ನನಗೆ ಹೇಳಿದ ಮಾತು ಇದು: "ಕೊಡಗು ನಾಶ, ಕೊಡಗು ನಾಶ ಎಂದು ಇಡೀ ದಿನ ಹೇಳುತ್ತಿದ್ದರು. ಹಟ್ಟಿಹೊಳೆ ಎಂದು ಒಮ್ಮೆ ಹೇಳಲಿ ಎಂದು ಅಪ್ಪ ಟಿ.ವಿ. ಮುಂದೆಯೇ ಕುಳಿತಿದ್ದರು." ಅವರ ನೆಂಟರೊಬ್ಬರು ಗುಡ್ಡದ ಆಚೆ ಸಿಕ್ಕಿಹಾಕಿಕೊಂಡಿದ್ದರು, ಅಲ್ಲಿನ ರಸ್ತೆ ಏನಾಗಿದೆ ಎಂಬುದಷ್ಟೇ ಅವರಿಗೆ ಬೇಕಿದ್ದ ಸುದ್ದಿ. ಉತ್ಪ್ರೇಕ್ಷೆ ಮಾಡಿದರೆ ಸುದ್ದಿ ದೊಡ್ಡದಾಗುತ್ತದೆ ಎಂದು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಡೀ ಜಿಲ್ಲೆಯೇ ಮುಳುಗಿತು ಎಂದಾಗ ನಿಜವಾಗಿಯೂ ಮುಳುಗಿದ ಊರು ಲೆಕ್ಕಕ್ಕೇ ಸಿಗುವುದಿಲ್ಲ.

ಇನ್ನು 2024. ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದೆ. ನನಗೆ ಬೇಕಿದ್ದದ್ದು ಅರಣ್ಯಶಾಸ್ತ್ರ. ಅದನ್ನು ಕಲಿಸುವ ಸರ್ಕಾರಿ ಕಾಲೇಜು ನಮ್ಮ ಜಿಲ್ಲೆಯಲ್ಲೇ, ಪೊನ್ನಂಪೇಟೆಯಲ್ಲಿದೆ. 1995ರಲ್ಲಿ ಶುರುವಾದದ್ದು, ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಇನ್ನೊಂದು ಇರುವುದು ಶಿರಸಿಯಲ್ಲಿ. ಗುಡ್ಡ ಯಾಕೆ ಜಾರಿತು, ಯಾವ ಮರದ ಬೇರು ಮಣ್ಣನ್ನು ಹಿಡಿದಿಡುತ್ತದೆ ಎಂಬ ಪ್ರಶ್ನೆಗಳು ನನ್ನೊಳಗೆ ಆ ಬೆಂಚಿನಲ್ಲೇ ಹುಟ್ಟಿದ್ದವು. ಹಾಗಾಗಿ ಕಾಲೇಜಿನ ಆಯ್ಕೆಯಲ್ಲಿ ನನಗೆ ಗೊಂದಲವಿರಲಿಲ್ಲ. ಗೊಂದಲ ಬಂದದ್ದು ಹೊರಗಿನಿಂದ.

ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಇಳಿದು ಬಂತು. ಅಷ್ಟು ಜನ ಒಂದೇ ರಾತ್ರಿಯಲ್ಲಿ ಹೋದ ಸುದ್ದಿ ನೋಡಲು ನಮ್ಮ ಮನೆಯಲ್ಲಿ ಯಾರಿಗೂ ಆಗಲಿಲ್ಲ. ಕುಟ್ಟ ದಾಟಿದರೆ ವಯನಾಡು; ಅಲ್ಲಿಯವರು ನಮಗೆ ದೂರದವರಲ್ಲ. ಮಾರನೆಯ ದಿನದಿಂದಲೇ ನಮ್ಮ ಕನ್ನಡ ವಾಹಿನಿಯೊಂದರಲ್ಲಿ 'ಮುಂದಿನ ಸರದಿ ಕೊಡಗಿನದೇ?' ಎಂಬ ಚರ್ಚೆ ಶುರುವಾಯಿತು. ಹಿನ್ನೆಲೆಯಲ್ಲಿ ಎದೆ ಬಡಿತದಂಥ ಸಂಗೀತ.

ಆಗಸ್ಟ್ ಮೊದಲ ವಾರದ ಒಂದು ದಿನ. ಮಳೆಯಿಂದಾಗಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮರ ಬಿದ್ದು ಹಿಂದಿನ ಸಂಜೆಯೇ ಕರೆಂಟ್ ಹೋಗಿತ್ತು, ಮೊಬೈಲ್ ಟವರ್ ಕೂಡ ಸತ್ತಿತ್ತು. ಕಾಲೇಜುಗಳ ಆಯ್ಕೆಯನ್ನು ಆದ್ಯತೆಯ ಕ್ರಮದಲ್ಲಿ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ದಾಖಲಿಸುವ ಕೆಲಸ ಬಾಕಿ ಇತ್ತು. ಅಪ್ಪನೂ ನಾನೂ ಕೊಡೆ ಹಿಡಿದು ಬಸ್ ಹತ್ತಿ ಕುಶಾಲನಗರಕ್ಕೆ ಹೊರಟೆವು. ದಾರಿಯಲ್ಲಿ ನೆಟ್‌ವರ್ಕ್ ಬಂದದ್ದೇ ತಡ, ಮೈಸೂರಿನಿಂದ ದೊಡ್ಡಪ್ಪನ ಫೋನ್ ಬಂತು.

"ಮಗಳೇ, ಪೊನ್ನಂಪೇಟೆ ಗಿನ್ನಂಪೇಟೆ ಬೇಡ. ಇಲ್ಲಿ ಮನೆ ಇದೆ, ದೊಡ್ಡಮ್ಮ ಇದ್ದಾಳೆ, ಇಂಜಿನಿಯರಿಂಗ್ ಓದು. ವಯನಾಡು ಆಯಿತು, ಮುಂದೆ ಕೊಡಗು ಎಂದು ಬೆಳಗಿನಿಂದ ತೋರಿಸುತ್ತಿದ್ದಾರೆ. ನೀವೂ ಬಂದುಬಿಡಿ."

ದೊಡ್ಡಪ್ಪ ಹುಟ್ಟಿ ಬೆಳೆದದ್ದು ಇದೇ ತೋಟದಲ್ಲಿ. ಮಳೆಮಾಪಕದ ನೀರನ್ನು ಅಜ್ಜನ ಜೊತೆ ನಿಂತು ನೋಡಿದವರು. ಅವರ ಪ್ರೀತಿಯಲ್ಲಿ ನನಗೆ ಕಿಂಚಿತ್ತೂ ಸಂಶಯವಿಲ್ಲ, ಅದಕ್ಕೇ ಆ ಮಾತು ಹೆಚ್ಚು ನೋಯಿಸಿತು. ಪೊನ್ನಂಪೇಟೆಯ ಗದ್ದೆ ಬಯಲನ್ನು ಚೆನ್ನಾಗಿ ಬಲ್ಲ ಮನುಷ್ಯನ ಕಣ್ಣಿನಿಂದಲೂ ಟಿ.ವಿ. ಆ ಬಯಲನ್ನು ಅಳಿಸಿಹಾಕಿತ್ತು. ಅಪ್ಪ ಫೋನ್ ತೆಗೆದುಕೊಂಡು, "ಅಣ್ಣಾ, ಅವಳು ಓದುವವಳು, ಅವಳೇ ನೋಡಿಕೊಳ್ಳುತ್ತಾಳೆ" ಎಂದಷ್ಟೇ ಹೇಳಿದರು.

ಕುಶಾಲನಗರದ ಸೈಬರ್ ಅಂಗಡಿಯಲ್ಲಿ ನಮಗಿಂತ ಮೊದಲು ಒಬ್ಬ ಹುಡುಗ ತನ್ನ ತಂದೆಯ ಜೊತೆ ಕುಳಿತಿದ್ದ. ಪಿರಿಯಾಪಟ್ಟಣದ ಕಡೆಯವರು, ಹೊಗೆಸೊಪ್ಪು ಬೆಳೆಯುವವರು. ಹುಡುಗನ ಪಟ್ಟಿಯಲ್ಲಿ ಮೊದಲಿಗೇ ಪೊನ್ನಂಪೇಟೆ ಇತ್ತು. ತಂದೆ ಅಂಗಡಿಯವರಿಗೆ ಅದನ್ನು ತೆಗೆದುಹಾಕಲು ಹೇಳುತ್ತಿದ್ದರು. ಹುಡುಗ ಬಾಯಿ ಬಿಡಲಿಲ್ಲ. ನಾನೇ ಬಾಯಿ ಹಾಕಿದೆ. ನನ್ನ ಮೊದಲ ಆಯ್ಕೆಯೂ ಅದೇ ಎಂದೆ.

"ಏನಮ್ಮಾ, ನೀನು ಆ ಊರಿನವಳಾ?"

"ಅಲ್ಲ, ಸುಂಟಿಕೊಪ್ಪ. ಆದರೆ ಅಲ್ಲಿಗೆ ಹೋಗಿಬಂದು ಗೊತ್ತು."

ಗೊತ್ತಿದ್ದದ್ದನ್ನೆಲ್ಲ ಹೇಳಿದೆ. 2018ರಲ್ಲಿ ಹೆಚ್ಚು ಗುಡ್ಡ ಜಾರಿದ್ದು ಮಡಿಕೇರಿಯ ಸುತ್ತ, ಅಲ್ಲಿಂದ ಪೊನ್ನಂಪೇಟೆಗೆ ಸುಮಾರು 50 ಕಿಲೋಮೀಟರ್. ಆ ಕಡೆ ಲಕ್ಷ್ಮಣತೀರ್ಥ ಹೊಳೆ ಉಕ್ಕಿ ಗದ್ದೆಗೆ ನುಗ್ಗುತ್ತದೆ, ರಸ್ತೆ ಬಂದ್ ಆಗುತ್ತದೆ, ಕರೆಂಟ್ ದಿನಗಟ್ಟಲೆ ಇರುವುದಿಲ್ಲ. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಜನ ಸತ್ತದ್ದನ್ನೂ ಹೇಳಿದೆ. ಅದನ್ನು ಮುಚ್ಚಿಟ್ಟಿದ್ದರೆ ನನ್ನ ಮಾತು ಸುಲಭವಾಗಿ ಗೆಲ್ಲುತ್ತಿತ್ತೇನೋ. ಆದರೆ ಮಗನನ್ನು ಕಳುಹಿಸುವ ತಂದೆಗೆ ಪೂರ್ತಿ ಸಂಗತಿ ತಿಳಿಯಬೇಕು. ಅವರು ಅಂಗಡಿಯವರ ಕಂಪ್ಯೂಟರಿನಲ್ಲಿ ನಕ್ಷೆ ತೆರೆಸಿ ತೋರ ಎಲ್ಲಿ, ಕಾಲೇಜು ಎಲ್ಲಿ ಎಂದು ಬೆರಳಿಟ್ಟು ಕೇಳಿದರು. ನೆಲ ಚಪ್ಪಟೆಯೋ ಇಳಿಜಾರೋ, ಹಾಸ್ಟೆಲ್ ಹಿಂದೆ ಬರೆ, ಅಂದರೆ ಗೋಡೆಯಂತೆ ಕಡಿದಾದ ಮಣ್ಣಿನ ದಿಬ್ಬ, ಇದೆಯೋ ಎಂದೂ ಕೇಳಿದರು. ಎಷ್ಟು ಸರಿಯಾದ ಪ್ರಶ್ನೆಗಳು! ಬೇಸಾಯದವರಿಗೆ ನೆಲದ ಬಗ್ಗೆ ಏನು ಕೇಳಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಟಿ.ವಿ.ಯ ಅಷ್ಟು ಹೊತ್ತಿನ ಚರ್ಚೆಯಲ್ಲಿ ಇಂಥ ಒಂದು ಪ್ರಶ್ನೆಯೂ ಬಂದಿರಲಿಲ್ಲ. ಕೊನೆಗೆ ಅವರು, "ತೆಗೆಯುವುದು ಬೇಡ, ಎರಡನೆಯದಾಗಿ ಇರಲಿ" ಎಂದರು. ಹುಡುಗನ ಮುಖ ಸ್ವಲ್ಪ ಅರಳಿತು.

ನಾನು ಪೊನ್ನಂಪೇಟೆ, ಶಿರಸಿ, ಆಮೇಲೆ ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳು ಎಂದು ದಾಖಲಿಸಿ, ಮುದ್ರಿತ ಪ್ರತಿ ತೆಗೆದುಕೊಂಡು ಹೊರಬಂದೆ.

ಬಸ್ಸಿಗೆ ಕಾಯುತ್ತ ಮೊಬೈಲ್ ನೋಡಿದರೆ, ಮಡಿಕೇರಿಯಲ್ಲಿ ಮನೆಯೊಂದು ಕ್ಷಣದಲ್ಲಿ ಜಾರಿ ಕುಸಿಯುವ ಆ ವಿಡಿಯೋ. 2018ರದು. ಯಾರೋ ಅದನ್ನು 'ಇಂದು ಬೆಳಿಗ್ಗೆ ಕೊಡಗು' ಎಂದು ಹಾಕಿದ್ದರು, ಸಾವಿರಾರು ಜನ ಹಂಚಿದ್ದರು. 'ಇದು 2018ರ ಆಗಸ್ಟ್, ಮಡಿಕೇರಿ. ಇಂದಿನದಲ್ಲ' ಎಂದು ಬರೆದೆ. ಬಸ್ ಬರುವುದರೊಳಗೆ ಉತ್ತರಗಳು ಸುರಿದವು. ರೆಸಾರ್ಟಿನವರ ಏಜೆಂಟ್ ಎಂದು ಒಬ್ಬರು, ನಿಮ್ಮ ತಲೆಯ ಮೇಲೆ ಬಿದ್ದಾಗ ಗೊತ್ತಾಗುತ್ತದೆ ಎಂದು ಇನ್ನೊಬ್ಬರು. ಹೋಂಸ್ಟೇ ಕಟ್ಟಿದವರಿಗೆ ತಕ್ಕ ಶಾಸ್ತಿ ಎಂಬ ಮಾತು ಹಲವರದ್ದು. ಹಟ್ಟಿಹೊಳೆಯ ಆ ಮನೆಯವರು ಯಾವ ಹೋಂಸ್ಟೇ ಕಟ್ಟಿದ್ದರು? ಅತಿಯಾದ ಮಳೆಯ ಜೊತೆಗೆ ರಸ್ತೆಗೆ, ಕಟ್ಟಡಕ್ಕೆ ಇಳಿಜಾರು ಕಡಿದದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದ್ದಾರೆ, ಅದು ನಿಜ. ಆದರೆ ಕಡಿದವರೇ ಬೇರೆ, ಮಣ್ಣಿನಡಿ ಹೋದವರೇ ಬೇರೆ ಆಗಿರುವ ಕಡೆ 'ಶಾಸ್ತಿ' ಎಂದು ಬರೆಯಲು ಕೈ ಹೇಗೆ ಬರುತ್ತದೆ?

ನಮ್ಮ ಜಿಲ್ಲೆಯವರ ಉತ್ತರವೂ ನನಗೆ ಸಮಾಧಾನ ತರಲಿಲ್ಲ. ಬೈಗುಳಕ್ಕೆ ಬೈಗುಳ. ಜೊತೆಗೆ 'ಕೊಡಗಿನಲ್ಲಿ ಏನೂ ಆಗಿಲ್ಲ, ಆಗುವುದೂ ಇಲ್ಲ, ಎಲ್ಲರೂ ಬನ್ನಿ' ಎಂಬ ಭರವಸೆ. ಪ್ರವಾಸಿಗರು ಬಾರದಿದ್ದರೆ ಜೀಪಿನವರಿಗೆ, ಅಂಗಡಿಯವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಅದು ಸುಳ್ಳೇ. ರಾತ್ರಿ ಗೆಳತಿಗೆ ಫೋನ್ ಮಾಡಿದಾಗ ಅವಳು ಬೇಸರಪಟ್ಟದ್ದು ಇದೊಂದಕ್ಕೇ. "ಎಲ್ಲಾ ಮುಳುಗಿತು ಎನ್ನುವವರಿಗೂ ನಾವು ಬೇಡ, ಏನೂ ಆಗಿಲ್ಲ ಎನ್ನುವವರಿಗೂ ನಾವು ಬೇಡ" ಎಂದಳು. ಅದಾದ ಮೇಲೆ ನಾನು ಪ್ರತಿಕ್ರಿಯೆ ಬರೆಯುವಾಗ ಊರು, ತಾಲ್ಲೂಕು, ದಿನಾಂಕ ಇಲ್ಲದೆ ಬರೆಯುವುದಿಲ್ಲ. ಬೈದವರಿಗೆ ಉತ್ತರ ಕೊಡುವುದಿಲ್ಲ. ಯಾರಾದರೂ ನಿಜವಾಗಿ ರಸ್ತೆ ಹೇಗಿದೆ ಎಂದು ಕೇಳಿದರೆ ವಿಚಾರಿಸಿಯಾದರೂ ತಿಳಿಸುತ್ತೇನೆ.

ಮೊದಲ ಸುತ್ತಿನಲ್ಲೇ ಪೊನ್ನಂಪೇಟೆಯ ಸೀಟು ಸಿಕ್ಕಿತು. ಒಪ್ಪಿಕೊಂಡು ಸೇರುತ್ತೇನೆ ಎಂಬ ಮೊದಲನೆಯ ಛಾಯ್ಸ್ ಒತ್ತಿದೆ. ದೊಡ್ಡಪ್ಪನೇ ಬಂದು ಹಾಸ್ಟೆಲ್‌ಗೆ ಪೆಟ್ಟಿಗೆ ಇಳಿಸಿಕೊಟ್ಟು ಹೋದರು.

ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು ಬೆಳಗಾವಿ ಜಿಲ್ಲೆಯವಳು, ಕೃಷ್ಣಾ ದಂಡೆಯ ಊರು. ಮಳೆ ಜೋರಾದರೆ ಅವಳ ಅವ್ವ ಅಲ್ಲಿಂದ ಫೋನ್ ಮಾಡುತ್ತಾರೆ. ಫೋನ್ ನನ್ನ ಕೈಗೂ ಬರುತ್ತದೆ. ಮಳೆ ಭಾಗಮಂಡಲದಲ್ಲಿ, ನಾವಿರುವುದು ಬೇರೆ ಕಡೆ, ಇಲ್ಲಿ ಇಂದು ಇಷ್ಟು ಇಂಚು ಎಂದು ಹೇಳುತ್ತೇನೆ. 2019ರ ಪ್ರವಾಹದಲ್ಲಿ ಅವಳ ಊರಿಗೂ ನೀರು ನುಗ್ಗಿತ್ತಂತೆ. ಆಗ ಟಿ.ವಿ.ಯಲ್ಲಿ ಬಂದದ್ದು 'ಉತ್ತರ ಕರ್ನಾಟಕ ತತ್ತರ' ಎಂದು ಮಾತ್ರ. ಅವಳ ಊರು ಯಾವ ಸೇತುವೆಯ ಈಚೆ, ಯಾವ ಓಣಿಯವರೆಗೆ ನೀರು ಬಂದಿತ್ತು ಎಂದು ನಾನು ಕೇಳಿದೆ. ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಕ್ಷೆ ಬರೆದು, ನೀರು ನಿಂತ ಗೆರೆಯನ್ನು ಎಳೆದು ತೋರಿಸಿದಳು.