‘ಅಲ್ಲಿನ ಹುಡುಗರಿಗೆ ಪುಟಿನ್ನೇ ಹೀರೋನಾ, ಡಾಕ್ಟ್ರೇ?’

ರಷ್ಯಾದಲ್ಲಿ ಓದಿ ಬಂದ ಡಾಕ್ಟರು ಅಂತ ಗೊತ್ತಾದರೆ ಜನ ಮೂರು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಚಳಿ ಹೆಂಗಿತ್ತು? ಊಟಕ್ಕೆ ಏನು ಮಾಡ್ತಿದ್ರಿ? ಆಮೇಲೆ ಈ ತಲೆಬರಹದಲ್ಲಿರುವುದು. ಮೊದಲೆರಡಕ್ಕೆ ಉತ್ತರ ಬಾಯಿಪಾಠವಾಗಿದೆ. ಮೂರನೆಯದರ ಕಷ್ಟ ಏನೆಂದರೆ, ಕೇಳುವವರಿಗೆ ಉತ್ತರ ಮೊದಲೇ ಬೇಕಾದಂತೆ ಬೇಕು. ಬಿಪಿ ತೋರಿಸಲು ಬರುವ ನಿವೃತ್ತ ಮೇಷ್ಟ್ರಿಗೆ ‘ಹೌದು’ ಬೇಕು. ಕಾಲೆಳೆಯಲಿಕ್ಕೇ ಕೇಳುವ ನನ್ನ ಚಿಕ್ಕಪ್ಪನ ಮಗನಿಗೆ ‘ಇಲ್ಲ’ ಬೇಕು. ಹೊರಗೆ ಕೂತ ರೋಗಿಗಳ ಸಾಲು ನೋಡಿಕೊಂಡು ನಾನು ‘ಕೆಲವರಿಗೆ ಹೌದು, ಕೆಲವರಿಗೆ ಅಲ್ಲ’ ಅಂದು ಜಾರಿಕೊಳ್ಳುತ್ತೇನೆ. ಅದು ಸುಳ್ಳಲ್ಲ, ಉತ್ತರವೂ ಅಲ್ಲ. ಅದಕ್ಕೇ ಒಂದು ಸಲ ಕೂತು ಬರೆದುಬಿಡೋಣ ಅಂತ.

2013ರಿಂದ 2019ರವರೆಗೆ ಆರು ವರ್ಷ ನಾನಿದ್ದದ್ದು ಕುರ್ಸ್ಕ್‌ನಲ್ಲಿ. ಮಾಸ್ಕೋದಿಂದ ದಕ್ಷಿಣಕ್ಕೆ ಸುಮಾರು ಐನೂರು ಕಿಲೋಮೀಟರ್. ಆಂತೊನೊವ್ಕಾ ಎಂಬ ಹುಳಿ ಸೇಬಿಗೆ, ನೈಟಿಂಗೇಲ್ ಹಕ್ಕಿಗೆ, 1943ರ ಟ್ಯಾಂಕ್ ಯುದ್ಧಕ್ಕೆ ಹೆಸರಾದ ಊರು. ಎರಡನೇ ವರ್ಷದಲ್ಲಿ ರಷ್ಯನ್ ಭಾಷೆಯ ಮೇಡಂ ‘ನನ್ನ ಹೀರೋ’ ಅಂತ ಹತ್ತು ವಾಕ್ಯ ಬರೆದು ತನ್ನಿ ಅಂದರು. ನಾನು ದಾವಣಗೆರೆಯವನು, ಯೋಚನೆ ಮಾಡುವ ಪ್ರಶ್ನೆಯೇ ಇರಲಿಲ್ಲ. ಶಂಕರ್ ನಾಗ್ ಬಗ್ಗೆ ಬರೆದೆ. ‘ಮೋಯ್ ಗೆರೋಯ್’ ಅಂತ ಶುರು. ಮೇಡಂ ಓದಿ, ಕನ್ನಡಕದ ಮೇಲಿಂದ ನೋಡಿ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು: “ಇವರು ಯಾವ ಯುದ್ಧದಲ್ಲಿ?”

ಯುದ್ಧ ಅಲ್ಲ ಮೇಡಂ, ನಟ, ನಿರ್ದೇಶಕ ಅಂದೆ. ಕೆಂಪು ಶಾಯಿಯಲ್ಲಿ ‘ಗೆರೋಯ್’ ಹೊಡೆದು ಹಾಕಿ ‘ಕುಮೀರ್’ ಅಂತ ತಿದ್ದಿದರು.

ಆವತ್ತು ನನಗೆ ಅದು ಬರೀ ಶಬ್ದದ ತಪ್ಪಾಗಿ ಕಂಡಿತ್ತು. ನಮ್ಮಲ್ಲಿ ಹೀರೋ ಅಂದರೆ ಮೊದಲು ನೆನಪಾಗುವುದು ಸಿನಿಮಾ. ರಷ್ಯನ್ನಿನಲ್ಲಿ ಗೆರೋಯ್ ಅಂದರೆ ಕಥೆಯ ನಾಯಕನೂ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಅದೊಂದು ಪದವಿ. ಸರ್ಕಾರ ಕೊಡುವುದು, ಚಿನ್ನದ ನಕ್ಷತ್ರದ ಜೊತೆಗೆ. 1934ರಲ್ಲಿ ‘ಸೋವಿಯತ್ ಒಕ್ಕೂಟದ ಹೀರೋ’ ಎಂಬ ಬಿರುದು ಶುರುವಾಯಿತು. ಮೊದಲು ಸಿಕ್ಕಿದ್ದು ಏಳು ಮಂದಿ ಪೈಲಟ್‌ಗಳಿಗೆ. ಚೆಲ್ಯೂಸ್ಕಿನ್ ಎಂಬ ಹಡಗು ಆರ್ಕ್ಟಿಕ್‌ನಲ್ಲಿ ಮುಳುಗಿ, ಮಂಜುಗಡ್ಡೆ ಮೇಲೆ ಸಿಕ್ಕಿಬಿದ್ದವರನ್ನು ವಿಮಾನದಲ್ಲಿ ಹೊತ್ತು ತಂದವರು. ಒಕ್ಕೂಟ ಒಡೆಯುವ ಹೊತ್ತಿಗೆ ಆ ಬಿರುದಿನವರು ಹನ್ನೆರಡು ಸಾವಿರ ದಾಟಿದ್ದರು. ದುಡಿಮೆಗೆ ಬೇರೆ ಹೀರೋ ಬಿರುದು. ಹತ್ತು ಮಕ್ಕಳನ್ನು ಹೆತ್ತು ಸಾಕಿದವಳಿಗೆ ‘ತಾಯಿ ಹೀರೋಯಿನ್’. ಅದನ್ನು 2022ರಲ್ಲಿ ಮತ್ತೆ ಜೀವಂತ ಮಾಡಿದ್ದಾರೆ. ಇನ್ನು ಕುಮೀರ್ ಅಂದರೆ ಮೂರ್ತಿ, ವಿಗ್ರಹ, ಮನಸ್ಸು ಕದ್ದವನು. ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ‘ಮಾಡಿಕೊಳ್ಳಬೇಡ’ ಅಂದದ್ದು ಅದನ್ನೇ. ಹಾಗಾಗಿ ರಷ್ಯಾದ ಹುಡುಗನೊಬ್ಬನಿಗೆ ‘ನಿನ್ನ ಕುಮೀರ್ ಯಾರು’ ಅಂದರೆ ಅರ್ಧಕ್ಕರ್ಧ ಸಲ ‘ನನಗೆ ಯಾವ ಕುಮೀರೂ ಇಲ್ಲ’ ಅಂತ ಸ್ವಲ್ಪ ಜಂಬದಿಂದಲೇ ಹೇಳುತ್ತಾನೆ. ಹೇಳಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ.

ಅಂದರೆ ನಮ್ಮ ಒಂದು ಪ್ರಶ್ನೆ ಅಲ್ಲಿ ಎರಡಾಗುತ್ತದೆ. ಸರ್ಕಾರ ಗೋಡೆಗೆ ಹಾಕಿದ ಪಟ ಯಾರದು? ಇಯರ್‌ಫೋನಿನಲ್ಲಿರುವವನು ಯಾರು? ಎರಡೂ ಒಬ್ಬನೇ ಆಗುವುದು ಬಲು ಅಪರೂಪ.

ಆದವನು ಗಗಾರಿನ್, ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ. ನಮ್ಮಪ್ಪನಿಗೂ ಗಗಾರಿನ್ ಗೊತ್ತು, ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆಯಲ್ಲಿ ನೋಟ್‌ಬುಕ್ಕಿಗೆ ಬೈಂಡ್ ಹಾಕಿದ ತಲೆಮಾರು ಅದು. ಅಪ್ಪನಿಗೆ ಗೊತ್ತಿಲ್ಲದ್ದು, ನಾನು ಅಲ್ಲಿ ಹೋಗಿ ಕೇಳಿದ್ದು: ಬಡಗಿಯ ಮಗ, ಸ್ಮೊಲೆನ್ಸ್ಕ್ ಸೀಮೆಯ ಕ್ಲೂಶಿನೊ ಎಂಬ ಹಳ್ಳಿ, ಜರ್ಮನ್ನರು ಮನೆ ಕಿತ್ತುಕೊಂಡಾಗ ಇಡೀ ಸಂಸಾರ ನೆಲ ಅಗೆದು ಮಾಡಿದ ಗುಡಿಸಲಲ್ಲಿ ಬದುಕಿತು. ಮೊದಲು ಕಲಿತ ಕಸುಬು ಎರಕ ಹೊಯ್ಯುವುದು. ಎತ್ತರ 157 ಸೆಂಟಿಮೀಟರ್, ನಮ್ಮ ಕ್ಲಾಸಿನ ಹುಡುಗಿಯರಲ್ಲೇ ಅರ್ಧ ಜನ ಅವನಿಗಿಂತ ಎತ್ತರ. 1961ರ ಏಪ್ರಿಲ್ 12ರಂದು 108 ನಿಮಿಷ. ರಾಕೆಟ್ ಏಳುವಾಗ ಅವನಂದ ‘ಪೊಯೇಖಲಿ’, ಅಂದರೆ ‘ಹೊರಟ್ವಿ’, ಆ ಮಾತನ್ನು ಇವತ್ತಿಗೂ ಜನ ಕಾರು ಸ್ಟಾರ್ಟ್ ಮಾಡುವಾಗ, ಮೊದಲ ಗುಟುಕು ಏರಿಸುವಾಗ ಅನ್ನುತ್ತಾರೆ. 34ಕ್ಕೇ ತರಬೇತಿ ವಿಮಾನ ಬಿದ್ದು ಸತ್ತ. ಮುದುಕನಾಗಲಿಲ್ಲ, ಯಾರಿಗೂ ಕೆಟ್ಟವನಾಗಲು ಸಮಯವೇ ಸಿಗಲಿಲ್ಲ. ಎಡದವನು, ಬಲದವನು, ಸರ್ಕಾರದ ಪರ, ವಿರುದ್ಧ, ಯಾರನ್ನೇ ಕೇಳಿ, ಗಗಾರಿನ್ ಹೆಸರಿಗೆ ಮುಖ ಅರಳುತ್ತದೆ.

ಮೆಡಿಕಲ್ ಹುಡುಗರಿಗೆ ಅದೇ ತಿಂಗಳ ಇನ್ನೊಬ್ಬ ಇದ್ದಾನೆ. ಲಿಯೊನಿದ್ ರೊಗೊಜೊವ್, ಗಗಾರಿನ್‌ನಂತೆ ಅವನೂ 1934ರಲ್ಲೇ ಹುಟ್ಟಿದವನು. ಅಂಟಾರ್ಕ್ಟಿಕಾದ ಸೋವಿಯತ್ ಠಾಣೆಗೆ ಇದ್ದ ಒಬ್ಬನೇ ಡಾಕ್ಟರು. 1961ರ ಏಪ್ರಿಲ್ ಕೊನೆಗೆ ಅವನಿಗೇ ಅಪೆಂಡಿಸೈಟಿಸ್. ಹಿಮಗಾಳಿಯಲ್ಲಿ ವಿಮಾನ ಬರುವಂತಿಲ್ಲ. ಹವಾಮಾನದವನೊಬ್ಬ, ಡ್ರೈವರ್ ಒಬ್ಬ, ಇಬ್ಬರೂ ಕನ್ನಡಿ, ಸಲಕರಣೆ ಹಿಡಿದು ನಿಂತರು. ಹೊಟ್ಟೆಗೆ ಮರಗಟ್ಟುವ ಇಂಜೆಕ್ಷನ್ ತಾನೇ ಹಾಕಿಕೊಂಡು, ಕನ್ನಡಿಯಲ್ಲಿ ಎಡಬಲ ತಿರುಗುಮುರುಗಾಗಿ ಕಾಣುತ್ತಿದ್ದರಿಂದ ಬಹುಪಾಲು ಬೆರಳ ಸ್ಪರ್ಶದಲ್ಲೇ ಕೊಯ್ದು ತೆಗೆದ. ಒಂದೂ ಮುಕ್ಕಾಲು ಗಂಟೆ. ಎರಡು ವಾರಕ್ಕೆ ಮತ್ತೆ ಡ್ಯೂಟಿಗೆ. ನಮ್ಮ ಸರ್ಜರಿ ಸರ್ ಈ ಕಥೆ ಹೇಳುವಾಗ ಕ್ಲಾಸಲ್ಲಿ ಒಬ್ಬನೂ ಫೋನ್ ನೋಡುತ್ತಿರಲಿಲ್ಲ. ನನ್ನನ್ನು ಕೇಳಿದರೆ ಆ ದೇಶ ನನಗೆ ಕೊಟ್ಟ ಹೀರೋ ಇವನೇ. ಹೊಟ್ಟೆನೋವು ಅಂತ ಬಂದವರ ಬಲಗಡೆ ಕೆಳಹೊಟ್ಟೆ ಒತ್ತಿ ನೋಡುವಾಗಲೆಲ್ಲ ನೆನಪಾಗುತ್ತಾನೆ.

ಈಗ ಇಯರ್‌ಫೋನಿನ ಕಡೆಗೆ.

ಕುರ್ಸ್ಕ್‌ನಲ್ಲಿ ನಮ್ಮ ಹಾಸ್ಟೆಲಿನ ಹಿಂದಿನ ಗೋಡೆ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ ‘ತ್ಸೋಯ್ ಝಿವ್’ ಅಂತ ಬರೆದಿದ್ದರು. ತ್ಸೋಯ್ ಬದುಕಿದ್ದಾನೆ. ವಿಕ್ಟರ್ ತ್ಸೋಯ್, ‘ಕಿನೋ’ ಎಂಬ ಬ್ಯಾಂಡಿನ ಹಾಡುಗಾರ, ಲೆನಿನ್‌ಗ್ರಾದ್‌ನವನು, ಅಪ್ಪನ ಕಡೆಯಿಂದ ಕೊರಿಯಾ ಮೂಲ. ಕೆಲಸವಿಲ್ಲದೆ ಇರುವುದು ಸೋವಿಯತ್ ಕಾನೂನಿನಲ್ಲಿ ಅಪರಾಧವಾಗಿತ್ತು. ಹಾಡುವುದನ್ನು ಕೆಲಸ ಅಂತ ಯಾರೂ ಒಪ್ಪುತ್ತಿರಲಿಲ್ಲ. ಅದಕ್ಕೆ ಅವನು ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ. ಊರಿಗೆ ಬಿಸಿನೀರು ಕೊಟ್ಟುಕೊಂಡೇ ಹಾಡು ಕಟ್ಟಿದ. ಆ ಕೋಣೆ ಈಗ ಮ್ಯೂಸಿಯಂ. 1990ರ ಆಗಸ್ಟ್ 15ರ ಬೆಳಗ್ಗೆ ಲಾಟ್ವಿಯಾದಲ್ಲಿ ಮೀನು ಹಿಡಿಯಲು ಹೋಗಿ ಕಾರು ಓಡಿಸಿಕೊಂಡು ವಾಪಸ್ ಬರುವಾಗ ಎದುರಿನ ಬಸ್ಸಿಗೆ ಗುದ್ದಿದ. 28 ವರ್ಷ.

ಇದನ್ನು ನನ್ನ ರೂಮ್‌ಮೇಟ್ ಹೇಳುತ್ತಿದ್ದಾಗ ನನಗೆ ಕೂದಲು ನಿಮಿರಿತು. ಅದೇ 1990, ಸೆಪ್ಟೆಂಬರ್ 30ರ ಬೆಳಗ್ಗೆ, ನಮ್ಮೂರ ಹತ್ತಿರದ ಆನಗೋಡಿನಲ್ಲಿ ಶಂಕರಣ್ಣನ ಕಾರು ಲಾರಿಗೆ ಗುದ್ದಿದ್ದು. ನಡುವೆ 46 ದಿನ. ನಾನಿನ್ನೂ ಹುಟ್ಟಿರಲಿಲ್ಲ, ರೂಮ್‌ಮೇಟೂ ಹುಟ್ಟಿರಲಿಲ್ಲ. ನಾವು ಹುಟ್ಟುವ ಮೊದಲೇ ಸತ್ತ ಇಬ್ಬರಿಗಾಗಿ ಆ ರಾತ್ರಿ ಎರಡು ಗಂಟೆವರೆಗೆ ಮಾತಾಡಿದೆವು. ನಮ್ಮಲ್ಲಿ ಆಟೋ ಹಿಂದೆ ಫೋಟೋ, ಅಲ್ಲಿ ಗೋಡೆ ಮೇಲೆ ಬರಹ. ಮಾಸ್ಕೋದ ಅರ್ಬಾತ್ ಬೀದಿಯಲ್ಲಿ ಇಡೀ ಒಂದು ಗೋಡೆಯೇ ತ್ಸೋಯ್‌ಗೆ. ನಾನು ಹೋದಾಗ ಅಲ್ಲಿ ಗಿಟಾರು ಹಿಡಿದಿದ್ದ ಹುಡುಗನಿಗೆ ಹೆಚ್ಚೆಂದರೆ ಹದಿನಾರು.

ತ್ಸೋಯ್‌ನನ್ನು ಎಳೆದಾಡಿದಷ್ಟು ಯಾರನ್ನೂ ಎಳೆದಾಡಿಲ್ಲ. ಬದಲಾವಣೆ ಬೇಕು ಅನ್ನುವ ಅವನ ಹಾಡನ್ನು 2020ರಲ್ಲಿ ಬೆಲಾರುಸ್‌ನ ಬೀದಿಗಳಲ್ಲಿ ಪ್ರತಿಭಟನೆಯವರು ಹಾಡಿದರು. 2014ರಲ್ಲಿ ರಷ್ಯಾದ ಸಂಸದನೊಬ್ಬ, ಆ ಹಾಡುಗಳನ್ನು ಬರೆದುಕೊಟ್ಟದ್ದು ಅಮೆರಿಕದ ಸಿಐಎ ಅಂತ ಗಂಭೀರವಾಗಿಯೇ ಹೇಳಿದ್ದ. ಬಾಯ್ಲರ್ ಕೋಣೆಗೆ ಸಿಐಎ ಏಜೆಂಟು ಬಂದು ಹಾಡು ಕೊಟ್ಟು ಹೋಗುವ ದೃಶ್ಯವನ್ನು ನಮ್ಮ ಹಾಸ್ಟೆಲಿನಲ್ಲಿ ನಾಟಕ ಮಾಡಿ ನಕ್ಕಿದ್ದೇ ನಕ್ಕಿದ್ದು.

ಇದೇ ಥರ ಎಳೆದಾಟಕ್ಕೆ ಸಿಕ್ಕ ಇನ್ನೊಬ್ಬ, ಬದುಕಿದ್ದ ಮನುಷ್ಯನೂ ಅಲ್ಲ, ಸಿನಿಮಾದ ಪಾತ್ರ. ಡನಿಲಾ ಬಗ್ರೋವ್, 1997ರ ‘ಬ್ರಾತ್’ ಚಿತ್ರದವನು. ಸೈನ್ಯದಿಂದ ಬಂದ ಬಡ ಹುಡುಗ, ಮುಗ್ಧ ಮುಖ, ಕೈಯಲ್ಲಿ ನಾಡಬಂದೂಕು. ಸಂಬಳವೇ ಬಾರದಿದ್ದ ತೊಂಬತ್ತರ ದಶಕದಲ್ಲಿ ಯಾರಿಗೂ ಹೆದರದ ಒಬ್ಬ ಬೇಕಾಗಿದ್ದ, ಸಿಕ್ಕಿದ. ಪಾತ್ರ ಮಾಡಿದ ಸೆರ್ಗೇಯ್ ಬೊದ್ರೊವ್ 2002ರಲ್ಲಿ ಕಾಕಸಸ್ ಬೆಟ್ಟದಲ್ಲಿ ಶೂಟಿಂಗ್ ಮಾಡುವಾಗ ಹಿಮನದಿ ಕುಸಿದು ತಂಡದ ಸಮೇತ ಕಣ್ಮರೆಯಾದ, ಮೂವತ್ತು ವರ್ಷಕ್ಕೆ. ಶಕ್ತಿ ಇರುವುದು ಸತ್ಯದಲ್ಲಿ ಎಂಬ ಅರ್ಥದ ಬಗ್ರೋವ್‌ನ ಮಾತು 2022ರ ನಂತರ ಉಕ್ರೇನ್ ಯುದ್ಧದ ಘೋಷವಾಕ್ಯವಾಯಿತು. ನನಗೆ ಬಗ್ರೋವ್ ಇಷ್ಟವಿಲ್ಲ, ಹೇಳಿಬಿಡುತ್ತೇನೆ. ನಮ್ಮಂಥ ಮೈಬಣ್ಣದವರ ಬಗ್ಗೆ ಅವನು ಆಡುವ ಮಾತು ಕೇಳಿಸಿಕೊಂಡು ಮಾರ್ಶ್ರೂತ್ಕಾ ವ್ಯಾನಿನಲ್ಲಿ ಒಬ್ಬನೇ ಕೂತವರಿಗೆ ಅದು ಇಷ್ಟವಾಗುವುದು ಕಷ್ಟ.

ನಾನಿದ್ದ ಕಾಲದ ಉಳಿದವರನ್ನು ಬೇಗ ಹೇಳಿ ಮುಗಿಸುತ್ತೇನೆ. ರಷ್ಯಾದ ದಕ್ಷಿಣದ ದಾಗೆಸ್ತಾನ ಪ್ರಾಂತ್ಯದ ಹುಡುಗರಿಗೆ ಎಂಎಂಎ ಎಂಬ ಕುಸ್ತಿ-ಗುದ್ದಾಟದ ಆಟಗಾರ ಖಬೀಬ್ ನುರ್ಮಗೊಮೆದೊವ್ ಬಿಟ್ಟರೆ ದೇವರು. 2018ರ ಅಕ್ಟೋಬರಿನಲ್ಲಿ ಮೆಕ್‌ಗ್ರೆಗರ್‌ನನ್ನು ಕೆಡವಿದ ಬೆಳಗಿನ ಜಾವ ಹಾಸ್ಟೆಲಿನ ಮೂರನೇ ಮಹಡಿ ಮಲಗಲೇ ಇಲ್ಲ. 29 ಪಂದ್ಯ, ಒಂದೂ ಸೋಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಕೊಟ್ಟ ಮಾತಿಗೆ ಕಣ ಬಿಟ್ಟ. ಹುಡುಗರಿಗಿಂತ ಅಮ್ಮಂದಿರಿಗೇ ಅವನು ಇಷ್ಟವಾದದ್ದು ಅದರಿಂದ. ಕಂಪ್ಯೂಟರ್ ಓದುವವರಿಗೆ ಪಾವೆಲ್ ದುರೋವ್. ಅಲ್ಲಿನ ಫೇಸ್‌ಬುಕ್ಕಿನಂಥ ‘ವಿಕಾಂತಾಕ್ತೆ’ ಕಟ್ಟಿದವನು, ಉಕ್ರೇನಿನ ಪ್ರತಿಭಟನಕಾರರ ಮಾಹಿತಿ ಕೊಡಲಾರೆ ಅಂದು 2014ರಲ್ಲಿ ದೇಶ ಬಿಟ್ಟವನು. 2018ರಲ್ಲಿ ಸರ್ಕಾರ ಅವನ ಟೆಲಿಗ್ರಾಂ ನಿಲ್ಲಿಸಲು ಹೋದಾಗ ನಮ್ಮ ಕಿಟಕಿಗಳಿಂದ ಕಾಗದದ ವಿಮಾನ ಹಾರಿದವು. ಮಾರನೇ ದಿನ ಗುಡಿಸಬೇಕಾಗಿ ಬಂದ ಹಾಸ್ಟೆಲಿನ ಕಾವಲಿನ ಅಜ್ಜಿ ದುರೋವನನ್ನು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ.

ಆ ಅಜ್ಜಿಯ ಮೇಜಿನ ಗಾಜಿನಡಿ ಒಂದು ಫೋಟೋ ಇತ್ತು, ಟೋಪಿ ಹಾಕಿದ ಹುಡುಗ. ಅವಳ ಅಪ್ಪ. 1943ರಲ್ಲಿ ಸತ್ತಾಗ ಅಜ್ಜಿ ಹೊಟ್ಟೆಯಲ್ಲಿದ್ದಳು. ಮೇ 9ಕ್ಕೆ, ಅಂದರೆ ಎರಡನೇ ಮಹಾಯುದ್ಧ ಗೆದ್ದ ದಿನಕ್ಕೆ, ಅದನ್ನು ಕೋಲಿಗೆ ಕಟ್ಟಿ ಮೆರವಣಿಗೆಗೆ ಒಯ್ಯುತ್ತಿದ್ದಳು. ‘ಅಮರ ದಳ’ ಅಂತ ಹೆಸರು. 2012ರಲ್ಲಿ ತೋಮ್ಸ್ಕ್ ಊರಿನ ಕೆಲವು ಪತ್ರಕರ್ತರು, ಪಕ್ಷದ ಬಾವುಟ ಬೇಡ, ನಿಮ್ಮ ಮನೆಯವರ ಪಟ ತನ್ನಿ ಅಂತ ಶುರು ಮಾಡಿದ್ದು. ಮೂರೇ ವರ್ಷಕ್ಕೆ ಮಾಸ್ಕೋದಲ್ಲಿ ಅಧ್ಯಕ್ಷರೂ ತಮ್ಮ ತಂದೆಯ ಪಟ ಹಿಡಿದು ನಡೆದರು, ಅಲ್ಲಿಗೆ ಅದು ಸರ್ಕಾರದ್ದಾಯಿತು. ಆದರೂ ಹೇಳುತ್ತೇನೆ, ಆ ಯುದ್ಧದಲ್ಲಿ ಎರಡು ಕೋಟಿ ಎಪ್ಪತ್ತು ಲಕ್ಷ ಸೋವಿಯತ್ ಜನ ಸತ್ತಿರುವಾಗ ಆ ಪಟಗಳು ಬೂಟಾಟಿಕೆಯಲ್ಲ. ನನ್ನ ಸಹಪಾಠಿಗಳಲ್ಲಿ ‘ಗೆರೋಯ್’ ಅನ್ನುವ ಮಾತಿಗೆ ನಾಚಿಕೆಯಿಲ್ಲದೆ ಬಂದ ಉತ್ತರ ‘ನನ್ನ ಮುತ್ತಜ್ಜ’.

ಹಾಗಾದರೆ ಪುಟಿನ್? ಪುಟಿನ್ ಮುಖದ ಟೀಶರ್ಟು ಕೊಂಡವರು ನಾವು, ಭಾರತದ ಹುಡುಗರು. ರಷ್ಯದ ಸಹಪಾಠಿಯೊಬ್ಬನ ಮೈಮೇಲೂ ನಾನದನ್ನು ನೋಡಲಿಲ್ಲ. ಅವರಿಗೆ ಬುದ್ಧಿ ಬಂದಾಗಿನಿಂದ ಗೋಡೆ ಮೇಲಿರುವ ಗಡಿಯಾರದಂತೆ ಪುಟಿನ್. ಟೈಮ್ ನೋಡುತ್ತಾರೆ, ಕೈಮುಗಿಯುವುದಿಲ್ಲ. ಗೌರವ ಇದ್ದವರೂ ಇದ್ದರು. ತೊಂಬತ್ತರಲ್ಲಿ ಅಪ್ಪನಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ, ಇವರು ಬಂದ ಮೇಲೆ ಬಂತು ಅನ್ನುವ ಲೆಕ್ಕ ಅವರದು, ಸುಳ್ಳು ಲೆಕ್ಕವೂ ಅಲ್ಲ. 2017ರಲ್ಲಿ ಲೆವಾದಾ ಕೇಂದ್ರ ಎಂಬ ಸಮೀಕ್ಷಾ ಸಂಸ್ಥೆಯವರು ಸರ್ವಕಾಲದ ಮಹಾನ್ ವ್ಯಕ್ತಿಗಳು ಯಾರು ಅಂತ ಕೇಳಿದಾಗ ಪುಟಿನ್ ಹೆಸರು ಹೇಳಿದವರು ಶೇಕಡ 34, ಕವಿ ಪುಷ್ಕಿನ್‌ಗೂ ಅಷ್ಟೇ. ಮೊದಲ ಸ್ಥಾನ ಸ್ಟಾಲಿನ್‌ಗೆ, ಶೇಕಡ 38. 1989ರಲ್ಲಿ ಇದೇ ಪ್ರಶ್ನೆಗೆ ಸ್ಟಾಲಿನ್ ಅಂದವರು ಶೇಕಡ 12 ಮಾತ್ರ. ಮರೆವು ಎಷ್ಟು ಬೇಗ ಬೆಳೆಯುತ್ತದೆ ನೋಡಿ. ಯೂಟ್ಯೂಬಿನ ಯೂರಿ ದುದ್ 2019ರಲ್ಲಿ ಕೊಲಿಮಾದಲ್ಲಿದ್ದ ಸ್ಟಾಲಿನ್ ಕಾಲದ ಸೆರೆಶಿಬಿರಗಳ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದೇ, ಹರೆಯದವರಲ್ಲಿ ಅರ್ಧದಷ್ಟು ಮಂದಿಗೆ ಆ ಕಥೆಯೇ ಗೊತ್ತಿಲ್ಲ ಎಂದು ಸಮೀಕ್ಷೆಯೊಂದು ಹೇಳಿದ್ದಕ್ಕೆ. ನನ್ನ ಕೊನೆಯ ವರ್ಷ. ಲೈಬ್ರರಿಯಲ್ಲಿ ಎಲ್ಲರ ಫೋನಿನಲ್ಲೂ ಅದೇ. ದುದ್ ಈಗ ಸರ್ಕಾರದ ಪಟ್ಟಿಯಲ್ಲಿ ‘ವಿದೇಶಿ ಏಜೆಂಟ್’.

ಪುಟಿನ್‌ರನ್ನು ಎದುರು ಹಾಕಿಕೊಂಡಿದ್ದ ವಿರೋಧಿ ನಾಯಕ ನವಾಲ್ನಿಯ ಹೆಸರು ಹೇಳುವವರು ನಾನಿದ್ದಾಗಲೂ ದನಿ ತಗ್ಗಿಸುತ್ತಿದ್ದರು. 2024ರ ಫೆಬ್ರವರಿಯಲ್ಲಿ ಅವನು ಆರ್ಕ್ಟಿಕ್‌ನ ಸೆರೆಮನೆಯಲ್ಲಿ ಸತ್ತಾಗ ಹಳೆಯ ಸಹಪಾಠಿಯೊಬ್ಬಳು ಟೆಲಿಗ್ರಾಂನಲ್ಲಿ ಹೂವಿನ ಚಿತ್ರ ಕಳಿಸಿದಳು. ಮಾತಿಲ್ಲ, ಬರೀ ಚಿತ್ರ. ಹತ್ತು ನಿಮಿಷಕ್ಕೆ ಅದನ್ನೂ ಅಳಿಸಿದಳು.

ಅವಳದೇ ಕೊನೆಯ ಸುದ್ದಿ. ಈಗ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ‘ಪಾರ್ತಾ ಗೆರೋಯಾ’ ಅಂತ ಇದೆ, ಹೀರೋನ ಡೆಸ್ಕು. ಮೇಜಿನ ಮೇಲೆ ಸತ್ತ ಸೈನಿಕನ ಫೋಟೋ, ಹುಟ್ಟಿದ ದಿನ, ಸತ್ತ ದಿನ, ಪದಕ. ಚೆನ್ನಾಗಿ ಓದುವವರಿಗೆ ಅಲ್ಲಿ ಕೂರುವ ಗೌರವ. ಮೊದಮೊದಲು ಹಳೆಯ ಯುದ್ಧದವರ ಫೋಟೋಗಳೂ ಇದ್ದವು, ಈಗ ಉಕ್ರೇನಿನಲ್ಲಿ ಸತ್ತವರದು ಹೆಚ್ಚು. ಅವಳ ತಮ್ಮ ಏಳನೇ ಕ್ಲಾಸಿನಲ್ಲಿ ಬುದ್ಧಿವಂತ. ಅವನ ಸರದಿ ಬಂತು. ಆ ವಾರ ಗಣಿತದಲ್ಲಿ ಐದಕ್ಕೆ ಎರಡು ತೆಗೆದುಕೊಂಡು ಮನೆಗೆ ಬಂದ. ಮುಂದಿನ ವಾರವೂ ಎರಡು. ಅಮ್ಮ ಕಿವಿ ಹಿಂಡಿ ಕೇಳಿದಾಗ ಗೊತ್ತಾಯಿತು, ಬೇಕಂತಲೇ ತಪ್ಪು ಬರೆಯುತ್ತಿದ್ದ. ಮೇಜಿನ ಮೇಲಿದ್ದ ಫೋಟೋ ಅವರ ಅಂಗಳದಾಚೆ ಮನೆಯ ಹುಡುಗನದು, ಇವನಿಗೆ ಸೈಕಲ್ ಕಲಿಸಿದವನು. ಅವನ ಮುಖದ ಮೇಲೆ ನೋಟ್‌ಬುಕ್ ಇಟ್ಟು ಬರೆಯಲು ಆಗುವುದಿಲ್ಲ ಅಂದನಂತೆ.